ರಾಜೀನಾಮೆ ಯಾರಿಗೆ ಕೊಡಬೇಕಿತ್ತು?

(ರಾಯಚೂರು ನಗರದಲ್ಲಿ, ದೇವದುರ್ಗ ಮತ್ತು ಮಾನ್ವಿಯ ಯುವಕರೂ ಸೇರಿದ್ದ ಅಧ್ಯಯನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನಾಯಕತ್ವವೆಂಬ ಅಮಾನತ್ತಿನ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಈ ವಿಷಯದ ಮೇಲೆ ಭಾಷಣ ಮಾಡುವುದು ಸುಲಭ. ಖಲೀಫರ ಜೀವನದ ನಾಲ್ಕು ಘಟನೆಗಳನ್ನು ಹೇಳಿ, ಇಂದಿನ ರಾಜಕಾರಣಿಗಳನ್ನು ಒಂದಿಷ್ಟು ಬೈದು, ದುಆ ಮಾಡಿ ಎದ್ದರೆ ಮುಗಿಯಿತು. ಅಂಥ ಭಾಷಣಗಳನ್ನು ನಾವೂ ಸಾಕಷ್ಟು ಮಾಡಿದ್ದೇವೆ. ಇಂದು ಒಂದು ನಿರ್ದಿಷ್ಟ ದಿನದಿಂದ ಆರಂಭಿಸೋಣ. ಅದು 2012ರ ಜೂನ್ 29.

ಅಂದು ಶುಕ್ರವಾರ. ಕರ್ನಾಟಕದ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರ ಸಂಪುಟದ ಒಂಬತ್ತು ಮಂದಿ ಸಚಿವರು ಒಂದೇ ದಿನ ರಾಜೀನಾಮೆ ಸಲ್ಲಿಸಿದರು. ಜಗದೀಶ ಶೆಟ್ಟರ್, ಬಸವರಾಜ ಬೊಮ್ಮಾಯಿ, ಸಿ.ಎಂ. ಉದಾಸಿ, ಉಮೇಶ ಕತ್ತಿ, ಮುರುಗೇಶ ನಿರಾಣಿ ಮುಂತಾದವರು ಅದರಲ್ಲಿದ್ದರು. ಎಲ್ಲರೂ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಬಣದವರು. ವಿರೋಧ ಪಕ್ಷವು ಸದನದಲ್ಲಿ ಅವಿಶ್ವಾಸ ಮಂಡಿಸಿರಲಿಲ್ಲ. ಮುಖ್ಯಮಂತ್ರಿಯ ಮೇಲೆ ಹಗರಣವೊಂದು ಸಾಬೀತಾಗಿರಲೂ ಇಲ್ಲ. ಅವರ ನೇತೃತ್ವದಲ್ಲಿ ಮುಂದಿನ ಚುನಾವಣೆಯನ್ನು ಗೆಲ್ಲಲಾಗದು ಎಂಬುದೇ ಬಂಡಾಯದ ಒಟ್ಟು ಸಾರ. ಎರಡು ವಾರ ತುಂಬುವುದರೊಳಗೆ, ಜುಲೈ 12ರಂದು, ರಾಜೀನಾಮೆ ಕೊಟ್ಟವರಲ್ಲೊಬ್ಬರಾದ ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಸಮುದಾಯಗಳ ಲೆಕ್ಕ ಸರಿದೂಗಿಸಲು ಕೆ.ಎಸ್. ಈಶ್ವರಪ್ಪ ಮತ್ತು ಆರ್. ಅಶೋಕ ಉಪಮುಖ್ಯಮಂತ್ರಿಗಳಾದರು.

ಸದಾನಂದ ಗೌಡರು ಆ ಸ್ಥಾನಕ್ಕೆ ಬಂದ ಬಗೆಯನ್ನೂ ನೆನೆಯಬೇಕು. ಅಕ್ರಮ ಗಣಿಗಾರಿಕೆಯ ಕುರಿತ ಲೋಕಾಯುಕ್ತ ವರದಿಯ ಬಳಿಕ 2011ರ ಜುಲೈ 31ರಂದು ಯಡಿಯೂರಪ್ಪನವರು ಅಧಿಕಾರ ಬಿಟ್ಟರು. ಅವರದೇ ಬೆಂಬಲದಿಂದ, ಶಾಸಕರ ರಹಸ್ಯ ಮತದಾನದಲ್ಲಿ ಇದೇ ಶೆಟ್ಟರ್ ಅವರನ್ನು ಹಿಂದಿಕ್ಕಿ, ಸದಾನಂದ ಗೌಡರು ಮುಖ್ಯಮಂತ್ರಿಯಾದರು. ಹನ್ನೊಂದು ತಿಂಗಳಲ್ಲಿ ಚಿತ್ರ ತಿರುಗಿತು. ಕುರ್ಚಿಯ ಮೇಲೆ ಕೂರಿಸಿದ ಕೈಗಳೇ ಕುರ್ಚಿಯನ್ನು ಎಳೆದವು. ಸೋತವರ ಪರವಾಗಿ ಅವೇ ಕೈಗಳು ಮೇಲೆದ್ದವು. ಆ ಹನ್ನೊಂದು ತಿಂಗಳಲ್ಲಿ ಮತದಾರನನ್ನು ಯಾರೂ ಏನನ್ನೂ ಕೇಳಲಿಲ್ಲ.

ಈಗ ರಾಯಚೂರಿಗೆ ಬರೋಣ. ಬೆಂಗಳೂರಿನ ಈ ಕಥೆ ನಮಗೇಕೆ ಎಂದು ಹಿಂದಿನ ಸಾಲಿನಲ್ಲಿರುವ ಗೆಳೆಯರ ಮುಖಗಳು ಕೇಳುತ್ತಿವೆ.

2011ರಲ್ಲಿ ಈ ಜಿಲ್ಲೆಯ ಅಪೌಷ್ಟಿಕ ಮಕ್ಕಳ ಚಿತ್ರಗಳು ಟಿ.ವಿ. ಪರದೆಯ ಮೇಲೆ ಬಂದಾಗ ಇಡೀ ರಾಜ್ಯ ತಲೆತಗ್ಗಿಸಿತು. ಎಲುಬು ಎಣಿಸಬಹುದಾದ ಎದೆ, ಊದಿದ ಹೊಟ್ಟೆ. ತಂದೆ ತಾಯಿ ಗುಳೆ ಹೋದಾಗ ಮುದುಕಿಯ ಮಡಿಲಲ್ಲಿ ಉಳಿದ ಕೂಸುಗಳು ದೇವದುರ್ಗದವರಿಗೆ ಹೊಸ ದೃಶ್ಯವಾಗಿರಲಿಲ್ಲ. ಹೊಸದಾಗಿ ಕಂಡದ್ದು ಬೆಂಗಳೂರಿಗೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲೇ ದೇವದುರ್ಗ, ಮಾನ್ವಿ ಎರಡನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಹತ್ತು ವರ್ಷಗಳ ಬಳಿಕ ಮಕ್ಕಳ ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು.

ಈ ಮಕ್ಕಳ ಹೊಣೆ ಹೊತ್ತ ಇಲಾಖೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಅದರ ಸಚಿವರಾಗಿದ್ದ ಸಿ.ಸಿ. ಪಾಟೀಲರು, ಸದನದೊಳಗೆ ಕುಳಿತು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದರೆಂಬ ಆರೋಪದ ಮೇಲೆ, ಇನ್ನಿಬ್ಬರು ಸಚಿವರೊಂದಿಗೆ 2012ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. ಜುಲೈಯಲ್ಲಿ ಇಡೀ ಸಂಪುಟವೇ ಬದಲಾಯಿತು. ಸಚಿವರು ಬಂದರು, ಹೋದರು. ಮಗುವಿನ ತೂಕವನ್ನು ಹಾಳೆಯಲ್ಲಿ ಬರೆದುಕೊಳ್ಳುವ ಅಂಗನವಾಡಿ ಕಾರ್ಯಕರ್ತೆ ಮಾತ್ರ ಅಲ್ಲೇ ಇದ್ದರು. ಆ ಹಾಳೆಯನ್ನು ಓದಬೇಕಾದವರು ಯಾರು ಎಂಬುದು ಆ ವರ್ಷವಿಡೀ ತಿಳಿಯದೆ ಉಳಿಯಿತು.

ರಾಜೀನಾಮೆ ಕೊಟ್ಟ ಬಸವರಾಜ ಬೊಮ್ಮಾಯಿಯವರು ಆಗ ಜಲಸಂಪನ್ಮೂಲ ಸಚಿವರು. ಜೂನ್ ಕೊನೆಯ ವಾರವೆಂದರೆ ಮಾನ್ವಿಯ ರೈತ ತುಂಗಭದ್ರಾ ಎಡದಂಡೆ ಕಾಲುವೆಯತ್ತ ಮುಖಮಾಡಿ ಕುಳಿತಿರುವ ಹೊತ್ತು. ಕಾಲುವೆಯ ಕೊನೆಭಾಗದವನ ಪಾಡು ನಿಮಗೆ ನಾವು ಹೇಳಬೇಕಾಗಿಲ್ಲ. ಅದು ಬರದ ವರ್ಷವೂ ಆಗಿತ್ತು. ಇನ್ನೊಂದು ಸಂಗತಿಯಿದೆ. ಇವರ ತಂದೆ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲ್‌ನಲ್ಲಿ, ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳನ್ನೇ ಆಧಾರವಾಗಿಟ್ಟುಕೊಂಡು ವಜಾ ಮಾಡಲಾಯಿತು. ಅವರಲ್ಲಿ ಏಳು ಮಂದಿ ಮರುದಿನವೇ ಮನಸ್ಸು ಬದಲಿಸಿದ್ದರು. ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಕೊಠಡಿಯಲ್ಲಲ್ಲ ಎಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಆ ಪ್ರಕರಣದಲ್ಲೇ. ತಂದೆಯ ಹೆಸರಿನ ತೀರ್ಪು ಸದನದ ಬಾಗಿಲು ತೆರೆಯಿತು. ಮಗನಿದ್ದ ಬಣ ಸದನದ ಹೊರಗೇ ಕೆಲಸ ಮುಗಿಸಿತು. ಸ್ವಪಕ್ಷದೊಳಗಿನ ಬಂಡಾಯಕ್ಕೆ ಸದನದ ಅಗತ್ಯವೇ ಬೀಳುವುದಿಲ್ಲವಲ್ಲ!

ಅದೇ ವರ್ಷ ಮಾರ್ಚ್‌ನಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿಯವರು ವಕ್ಫ್ ಆಸ್ತಿಗಳ ಅಕ್ರಮದ ಕುರಿತ ವರದಿಯನ್ನು ಸದಾನಂದ ಗೌಡರ ಕೈಗಿತ್ತಿದ್ದರು. ಅದರ ಅಂಕಿಗಳ ಬಗ್ಗೆ ನಮ್ಮೊಳಗೇ ಭಿನ್ನಾಭಿಪ್ರಾಯವಿತ್ತು, ಉದ್ದೇಶದ ಬಗ್ಗೆ ಶಂಕೆಯೂ ಇತ್ತು. ಶಂಕೆ ಬಗೆಹರಿಯಬೇಕಾದರೆ ಸರಕಾರವೊಂದು ಸ್ಥಿರವಾಗಿ ಕುಳಿತು ಪುಟ ತಿರುವಬೇಕು. ವರದಿ ಪಡೆದವರು ನಾಲ್ಕು ತಿಂಗಳೊಳಗೆ ಮನೆಗೆ ಹೋದರು.

ರಾಜೀನಾಮೆಯೆಂಬುದು ಮೂಲತಃ ಹೊಣೆಗಾರಿಕೆಯ ಭಾಷೆ. ತಪ್ಪಾಗಿದೆ, ಆದ್ದರಿಂದ ಹೊರಡುತ್ತೇನೆ ಎಂಬುದು ಅದರ ಅರ್ಥ. ನಮ್ಮಲ್ಲಿ ಅದು ವ್ಯಾಪಾರದ ಭಾಷೆಯಾದದ್ದು ಹೇಗೆಂದು ತಿಳಿಯಲು ದೇವದುರ್ಗಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಸಿಗದು. 2008ರ ಚುನಾವಣೆಯಲ್ಲಿ ಬಿಜೆಪಿಗೆ 110 ಸ್ಥಾನಗಳು ದೊರೆತವು, ಬೇಕಾದದ್ದು 113. ಪಕ್ಷೇತರರ ಬೆಂಬಲದಿಂದ ಸರಕಾರವೇನೋ ರಚನೆಯಾಯಿತು. ಅಷ್ಟು ಸಾಲದೆಂದು ಏಳು ಮಂದಿ ವಿರೋಧ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ ತಮ್ಮತ್ತ ಸೆಳೆದುಕೊಳ್ಳಲಾಯಿತು. ಆ ಏಳರಲ್ಲಿ ದೇವದುರ್ಗದ ಜೆಡಿಎಸ್ ಶಾಸಕ ಕೆ. ಶಿವನಗೌಡ ನಾಯಕರೂ ಒಬ್ಬರು. ಈಗಷ್ಟೇ ಹೆಸರಿಸಿದ ಉಮೇಶ ಕತ್ತಿಯವರೂ ಒಬ್ಬರು. 1985ರ ಪಕ್ಷಾಂತರ ನಿಷೇಧ ಕಾನೂನು ಪಕ್ಷ ಬಿಟ್ಟವನ ಸದಸ್ಯತ್ವ ಕಸಿಯುತ್ತದೆ. ಮೂರನೇ ಒಂದರಷ್ಟು ಮಂದಿ ಒಡೆದು ಹೋಗಬಹುದೆಂಬ ವಿನಾಯಿತಿಯನ್ನೂ 2003ರ 91ನೆಯ ತಿದ್ದುಪಡಿ ತೆಗೆದುಹಾಕಿತು. ಆದರೆ ಸದಸ್ಯತ್ವವನ್ನು ತಾನೇ ಬಿಟ್ಟುಕೊಟ್ಟು, ಹೊಸ ಬಾವುಟ ಹಿಡಿದು, ಉಪಚುನಾವಣೆಯಲ್ಲಿ ಮತ್ತೆ ನಿಲ್ಲುವವನನ್ನು ತಡೆಯುವ ಕಲಮು ಎಲ್ಲಿಯೂ ಇರಲಿಲ್ಲ. 2008ರ ಡಿಸೆಂಬರ್‌ನಲ್ಲಿ ದೇವದುರ್ಗ ಮತ್ತೆ ಮತ ಹಾಕಿತು. ಏಳು ತಿಂಗಳ ಹಿಂದೆ ಆರಿಸಿದವರನ್ನೇ ಬೇರೆ ಚಿಹ್ನೆಯಲ್ಲಿ ಆರಿಸಿತು. ಆ ಬಳಿಕ 2013ರಲ್ಲಿ ಕಾಂಗ್ರೆಸ್ಸಿನ ಎ. ವೆಂಕಟೇಶ ನಾಯಕರನ್ನು ಆರಿಸಿತು.

2019ರ ಫೆಬ್ರವರಿಯಲ್ಲಿ ದೇವದುರ್ಗ ಮತ್ತೊಮ್ಮೆ ರಾಜ್ಯದ ಬಾಯಿಗೆ ಬಿತ್ತು. ಅಲ್ಲಿನ ಪ್ರವಾಸಿ ಮಂದಿರದಲ್ಲಿ ಯಡಿಯೂರಪ್ಪನವರು ಗುರುಮಠಕಲ್ ಶಾಸಕರ ಪುತ್ರನೊಂದಿಗೆ ನಡೆಸಿದರೆನ್ನಲಾದ ಮಾತುಕತೆಯ ಧ್ವನಿಮುದ್ರಿಕೆಯನ್ನು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬಿಡುಗಡೆ ಮಾಡಿದರು. ಮೊದಲು ಅದು ನಕಲಿಯೆಂದರು, ಬಳಿಕ ಭೇಟಿಯನ್ನು ಒಪ್ಪಿಕೊಂಡರು. ದೇವದುರ್ಗ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಐದು ತಿಂಗಳ ಬಳಿಕ ನಡೆದದ್ದು ನಿಮಗೆ ಗೊತ್ತು. ಶಾಸಕರ ರಾಜೀನಾಮೆಗಳ ಮಳೆ ಆರಂಭವಾದಾಗ, ಭಿನ್ನರಿಗೆ ಸ್ಥಾನ ತೆರವು ಮಾಡಿಕೊಡಲೆಂದು ಜುಲೈ 8ರಂದು ಕಾಂಗ್ರೆಸ್ಸಿನ ಎಲ್ಲ ಸಚಿವರೂ, ಅವರ ಹಿಂದೆ ಜೆಡಿಎಸ್ ಸಚಿವರೂ ರಾಜೀನಾಮೆ ನೀಡಿದರು. 2012ರಲ್ಲಿ ಮುಖ್ಯಮಂತ್ರಿಯನ್ನು ಇಳಿಸಲು ಸಚಿವರು ರಾಜೀನಾಮೆ ಕೊಟ್ಟಿದ್ದರು, 2019ರಲ್ಲಿ ಉಳಿಸಲು ಕೊಟ್ಟರು. ಉಳಿಯಲಿಲ್ಲ. ಜುಲೈ 23ರಂದು ಸದನದಲ್ಲಿ 99 ಪರ, 105 ವಿರುದ್ಧ ಮತಗಳು ಬಿದ್ದು ಸರಕಾರ ಉರುಳಿತು. ಮಾನ್ವಿಯ ಜೆಡಿಎಸ್ ಶಾಸಕ ರಾಜಾ ವೆಂಕಟಪ್ಪ ನಾಯಕರು ಆಗ ತಮ್ಮ ಪಕ್ಷದಲ್ಲೇ ಉಳಿದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಓಡಿಹೋದವರ ಹೆಸರು ನೆನಪಿಟ್ಟುಕೊಳ್ಳುವ ನಾವು ನಿಂತವರನ್ನು ಬೇಗ ಮರೆಯುತ್ತೇವೆ.

ಪಕ್ಕದ ಮಸ್ಕಿಯ ಕಥೆ ಬೇರೆ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದ್ದರು. 2019ರ ಜುಲೈಯಲ್ಲಿ ರಾಜೀನಾಮೆ ಕೊಟ್ಟವರಲ್ಲಿ ಪಾಟೀಲರೂ ಇದ್ದರು. ಹಳೆಯ ಚುನಾವಣಾ ತಕರಾರು ಹೈಕೋರ್ಟಿನಲ್ಲಿದ್ದ ಕಾರಣ ಉಪಚುನಾವಣೆ ಮುಂದೆ ಹೋಯಿತು. ಕೊನೆಗೆ 2021ರ ಏಪ್ರಿಲ್ 17ರಂದು, ಕೊರೋನಾದ ಎರಡನೇ ಅಲೆ ಏರುತ್ತಿದ್ದಾಗ, ಜನ ಸರದಿಯಲ್ಲಿ ನಿಂತರು. ಈ ಬಾರಿ ಪಾಟೀಲರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್! ಬಾವುಟಗಳು ಅದಲುಬದಲಾಗಿದ್ದವು. ಪಾಟೀಲರು ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಜನರು ಪಾಠ ಕಲಿಸಿದರೆಂದು ಪತ್ರಿಕೆಗಳು ಬರೆದವು. ನಿಜ. ಆದರೆ ಆ ಕ್ಷೇತ್ರ 21 ತಿಂಗಳಿಗೂ ಹೆಚ್ಚು ಕಾಲ ಶಾಸಕನಿಲ್ಲದೆ ಇತ್ತು. ಪಿಂಚಣಿಯ ಅರ್ಜಿ ಹಿಡಿದು ಬಂದ ವಿಧವೆಗೆ ಆ ದಿನಗಳನ್ನು ಯಾವ ಪಾಠವೂ ಮರಳಿಸುವುದಿಲ್ಲ.

ಇದು ನಮ್ಮ ನಾಡಿನ ರೋಗ ಮಾತ್ರವೆಂದು ಯಾರೂ ಭಾವಿಸಬಾರದು. ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಸಂಪುಟದಿಂದ 2022ರ ಜುಲೈ 5ರಂದು ರಿಷಿ ಸುನಕ್ ಮತ್ತು ಸಾಜಿದ್ ಜಾವಿದ್ ಹೊರಬಂದರು. ಎರಡೇ ದಿನಗಳಲ್ಲಿ ಸಚಿವರು, ಸಹಾಯಕರು ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಅವರ ದಾರಿ ಹಿಡಿದರು. 7ರಂದು ಪ್ರಧಾನಿ ನಿರ್ಗಮನ ಘೋಷಿಸಿದರು. ಜಾವಿದ್ ಎಂಬ ಹೆಸರು ಕೇಳಿ ನಮ್ಮವರು ಕೆಲವರು ಸಂಭ್ರಮಿಸಿದ್ದುಂಟು. ಹೆಸರಿನಲ್ಲಿ ಏನಿದೆ? ಲಾಕ್‌ಡೌನ್ ಕಾಲದ ಪಾರ್ಟಿಗಳ ಕುರಿತು ತಿಂಗಳುಗಟ್ಟಲೆ ಸಮರ್ಥನೆ ನಡೆದಾಗ ಅವರೂ ಸಂಪುಟದಲ್ಲೇ ಇದ್ದರು. ಆದರೂ ಒಂದು ವ್ಯತ್ಯಾಸವನ್ನು ಒಪ್ಪಬೇಕು. ಪ್ರಧಾನಿ ಸತ್ಯ ಹೇಳುತ್ತಿಲ್ಲ ಎಂಬುದು ಅಲ್ಲಿ ಬಹಿರಂಗ ಚರ್ಚೆಯ ವಿಷಯವಾಯಿತು, ಕಾರಣಗಳನ್ನು ಪತ್ರದಲ್ಲಿ ಬರೆದು ಜನರ ಮುಂದಿಟ್ಟರು. ರೆಸಾರ್ಟಿಗೆ ಬಸ್ಸು ಹೋಗಲಿಲ್ಲ.

ಇಸ್ಲಾಮೀ ಇತಿಹಾಸದಲ್ಲಿ ಅಧಿಕಾರ ಬಿಟ್ಟವರ ಉದಾಹರಣೆಗಳನ್ನು ನಾವು ಅಲಂಕಾರಕ್ಕಷ್ಟೇ ಬಳಸುತ್ತೇವೆ. ಹಝ್ರತ್ ಅಬೂಬಕ್ಕರ್(ರ) ಖಲೀಫರಾದ ಮೊದಲ ದಿನವೇ, ತಾವು ದಾರಿ ತಪ್ಪಿದರೆ ತಿದ್ದುವ ಹೊಣೆಯನ್ನು ಜನರಿಗೆ ಒಪ್ಪಿಸಿದರು. ಆಪ್ತ ಸಹಾಬಿಗಳ ಕೂಟಕ್ಕೆ ಮಾತ್ರ ಒಪ್ಪಿಸಲಿಲ್ಲ. ಹಝ್ರತ್ ಉಮರ್(ರ) ಅವರು ಖಾಲಿದ್ ಬಿನ್ ವಲೀದ್(ರ) ಅವರನ್ನು ಸೇನಾಪತಿ ಸ್ಥಾನದಿಂದ ಇಳಿಸಿದಾಗ ಸೈನಿಕರ ಅಭಿಮಾನವೆಲ್ಲ ಖಾಲಿದರ ಕಡೆಗಿತ್ತು. ಅವರು ಬಣ ಕಟ್ಟಿಕೊಂಡು ಮದೀನಾಕ್ಕೆ ಹೋಗಲಿಲ್ಲ. ಅಬೂ ಉಬೈದಾ(ರ) ಅವರ ಅಧೀನದಲ್ಲಿ, ಅದೇ ರಣರಂಗದಲ್ಲಿ ಯುದ್ಧ ಮುಂದುವರಿಸಿದರು. ಇಮಾಮ್ ಹಸನ್(ರ) ಹಿಜರಿ 41ರಲ್ಲಿ ರಕ್ತಪಾತ ತಪ್ಪಿಸಲು ಖಿಲಾಫತ್ತನ್ನೇ ಬಿಟ್ಟರು. ಅವರ ಹಿಂದೆ ಸೈನ್ಯವಿತ್ತು, ಸಂಖ್ಯೆಯಿತ್ತು. ಈ ಮೂವರ ಮುಂದೆಯೂ ಇದ್ದ ಪ್ರಶ್ನೆ ಒಂದೇ: ಈ ಸ್ಥಾನ ಯಾರದ್ದು? ತನ್ನದಲ್ಲವೆಂದು ಅರಿತವನಿಗೆ ಅದನ್ನು ಮಾರಲು ಬರುವುದಿಲ್ಲ.

ಕೇಳುತ್ತಾ ಕೆಲವರು ತಲೆದೂಗುತ್ತಿದ್ದೀರಿ. ಇಷ್ಟರವರೆಗೆ ಬೈಸಿಕೊಂಡವರು ವಿಧಾನಸೌಧದವರು, ಆದ್ದರಿಂದ ತಲೆದೂಗುವುದು ಕಷ್ಟವಲ್ಲ. ಈಗ ಒಂದು ಮಸ್ಜಿದ್ ಕಮಿಟಿಯ ಸಂಗತಿ ಹೇಳುತ್ತೇವೆ. ಹೆಸರು ಬೇಡ, ಊರೂ ಬೇಡ. ಹನ್ನೊಂದು ಸದಸ್ಯರು. ಮಸ್ಜಿದಿನ ಮಳಿಗೆಗಳ ಬಾಡಿಗೆ ಲೆಕ್ಕವನ್ನು ಹೊಸ ಅಧ್ಯಕ್ಷರು ಕೇಳಿದರು. ಕೇಳಿದ ರೀತಿ ಒರಟಾಗಿತ್ತು, ಅದನ್ನೂ ಹೇಳಬೇಕು. ಇಶಾ ನಮಾಝಿನ ಬಳಿಕ ಆರು ಮಂದಿ ಒಬ್ಬರ ಮನೆಯಲ್ಲಿ ಸೇರಿ, ಒಂದೇ ಹಾಳೆಯಲ್ಲಿ ರಾಜೀನಾಮೆ ಬರೆದು ಸಹಿ ಹಾಕಿದರು. ಕೋರಮ್ ಇಲ್ಲ, ಬ್ಯಾಂಕಿನಲ್ಲಿ ಚೆಕ್ಕಿಗೆ ಎರಡನೆಯ ಸಹಿಯಿಲ್ಲ. ಇಮಾಮರಿಗೂ ಮುಅದ್ದಿನರಿಗೂ ನಾಲ್ಕು ತಿಂಗಳು ಸಂಬಳವಾಗಲಿಲ್ಲ. ಆ ಆರು ಮಂದಿಯಲ್ಲಿ ಇಬ್ಬರು ನಮ್ಮ ಆತ್ಮೀಯರು, ದೀನೀ ಕೆಲಸದಲ್ಲಿ ಮುಂದಿರುವವರು. ಏಕೆ ಹೀಗೆ ಮಾಡಿದಿರೆಂದು ಕೇಳಿದೆವು. ಅಧ್ಯಕ್ಷರಿಗೆ ಬುದ್ಧಿ ಬರಲಿ ಎಂದು, ಎಂಬ ಉತ್ತರ ಬಂತು. ಮುಅದ್ದಿನರು ಆ ದಿನಗಳಲ್ಲಿ ಫಜ್ರ್ ಮುಗಿಸಿ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದರು, ಝುಹ್ರ್ ಅಝಾನಿಗೆ ಗಾಡಿ ಬಿಟ್ಟು ಓಡಿ ಬರುತ್ತಿದ್ದರು. ಕಮಿಟಿಯವರಲ್ಲಿ ಒಬ್ಬರು ಅವರಿಂದ ಹಣ್ಣು ಕೊಂಡದ್ದನ್ನೂ, ಚೌಕಾಸಿ ಮಾಡಿದ್ದನ್ನೂ ನಾವು ಕಣ್ಣಾರೆ ಕಂಡಿದ್ದೇವೆ.

ಈ ಸಭೆಯಲ್ಲಿ ಕಮಿಟಿಗಳ ಸದಸ್ಯರು ಇದ್ದೀರಿ, ಪಕ್ಷಗಳ ಕಾರ್ಯಕರ್ತರೂ ಇದ್ದೀರಿ. ಪ್ರಶ್ನೆಗಳಿಗೆ ಅರ್ಧ ಗಂಟೆಯಿದೆ. ದೇವದುರ್ಗದ ಗೆಳೆಯರು ತಮ್ಮ ಓಣಿಯ ಅಂಗನವಾಡಿಯ ಕುರಿತು ಏನನ್ನೋ ಬರೆದು ತಂದಿದ್ದಾರೆ. ಮೊದಲು ಅವರೇ ಮಾತನಾಡಲಿ.