ಸಗರನಾಡಿನ ಒಗಟು, ಲಿಪಿ ಮತ್ತು ಲೆಕ್ಕ

ಕೇಳುಗರು ಒಂದು ಕಾಗದ, ಒಂದು ಪೆನ್ಸಿಲು ಹತ್ತಿರ ಇಟ್ಟುಕೊಳ್ಳಬೇಕೆಂದು ಮೊದಲೇ ಕೋರುತ್ತೇನೆ. ಒಂಬತ್ತು ಅಕ್ಷರಗಳನ್ನು ಹೇಳುವೆನು, ಬರೆದುಕೊಳ್ಳಿ. ಕೆ, ನೀ, ಳಿ. ರೆ, ರು, ಸಿ. ಯ, ಉ, ರಿ. ಮೇಲ್ನೋಟಕ್ಕೆ ಇದರಲ್ಲಿ ಅರ್ಥವೇನೂ ಕಾಣದು. ಆದರೆ ಇದೊಂದು ಸಂದೇಶ, ಅದೂ ನಮ್ಮ ಬಿಸಿಲುನಾಡಿಗೆ ತೀರ ಅಗತ್ಯವಾದ ಸಂದೇಶ. ಅದರ ಕೀಲಿಯನ್ನು ಮಾತಿನ ಕೊನೆಯಲ್ಲಿ ಕೊಡುವೆನು. ಅಷ್ಟರೊಳಗೆ ತಾವೇ ಬಿಡಿಸಿದರೆ ನನಗೆ ಹೆಚ್ಚು ಸಂತೋಷ.

ಬುದ್ಧಿಗೆ ಕಸರತ್ತು ಕೊಡುವ ಸ್ಪರ್ಧೆಗಳೆಂದರೆ ಪತ್ರಿಕೆಯ ಪದಬಂಧ, ಶಾಲೆಯ ರಸಪ್ರಶ್ನೆ ಎಂದು ನಾವು ತಿಳಿದಿದ್ದೇವೆ. ಇವು ಎಲ್ಲಿಂದಲೋ ಬಂದ ಹೊಸ ಆಟಗಳೆಂದೂ ಹಲವರ ಎಣಿಕೆ. ಯಾದಗಿರಿ, ಶಹಾಪುರ, ಸುರಪುರಗಳ ಸಗರನಾಡಿನಲ್ಲಿ ಬೆಳೆದವರಿಗೆ ಹಾಗೆನ್ನಿಸಲಾರದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಹರದೇಶಿ ನಾಗೇಶಿ ಮೇಳಗಳ ಸವಾಲು ಜವಾಬು ನಡೆಯುವುದನ್ನು ಬಲ್ಲವರು ಬಲ್ಲರು. ಶಿವ ಹೆಚ್ಚೆಂದು ಒಂದು ಮೇಳ, ಶಕ್ತಿ ಹೆಚ್ಚೆಂದು ಇನ್ನೊಂದು ಮೇಳ. ಹಾಡಿನಲ್ಲಿಯೇ ಪ್ರಶ್ನೆ, ಹಾಡಿನಲ್ಲಿಯೇ ಉತ್ತರ. ಬೆಳಗು ಹರಿದರೂ ಜನ ಏಳುವುದಿಲ್ಲ. ಮದುವೆಯ ಮನೆಯಲ್ಲಿ ಒಡಪು ಹೇಳದೆ ಹೆಣ್ಣುಮಗಳು ಹೊಸ್ತಿಲು ದಾಟುವಂತಿಲ್ಲ. ಗಂಡನ ಹೆಸರನ್ನು ಮಾತಿನ ಜಾಣ್ಮೆಯಲ್ಲಿ ಸುತ್ತಿ ಹೇಳಬೇಕು. ಇನ್ನು ಹುಡುಗಿಯರ ಕ-ಭಾಷೆ. ಪ್ರತಿ ಅಕ್ಷರದ ಹಿಂದೆ ಒಂದೊಂದು ಕಕಾರ ಸೇರಿಸಿ, 'ನೀನು ಬಾ' ಎನ್ನುವುದನ್ನು 'ಕನೀಕನು ಕಬಾ' ಎಂದರೆ ಹಿರಿಯರು ಪಕ್ಕದಲ್ಲೇ ಕುಳಿತಿದ್ದರೂ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಸಂಕೇತಭಾಷೆಯ ಮೊದಲ ಪಾಠ ಇದೇ.

ಇವೆಲ್ಲ ಆಟದ ಮಾತಾಯಿತು. ಸಗರನಾಡಿನಲ್ಲಿ ಮತ್ತು ಅದರ ಸುತ್ತಮುತ್ತ ಇದಕ್ಕಿಂತ ಗಂಭೀರವಾದ ಮೂರು ಒಗಟುಗಳುಂಟು. ಒಂದು ಕೊಡೇಕಲ್ಲಿನದು, ಇನ್ನೊಂದು ಸನ್ನತಿಯದು, ಮತ್ತೊಂದು ಮಳಖೇಡದ್ದು. ಮೂರಕ್ಕೂ ಕೀಲಿ ಬೇರೆ ಬೇರೆ. ಆ ಭೇದವನ್ನು ತಿಳಿದರೆ ಮಕ್ಕಳಿಗೆ ಲೆಕ್ಕ ಕಲಿಸುವ ದಾರಿಯೂ ತಿಳಿಯುವುದೆಂದು ನನ್ನ ನಂಬಿಕೆ.

ಕೊಡೇಕಲ್ಲು ಈಗಿನ ಹುಣಸಗಿ ತಾಲ್ಲೂಕಿನ ಊರು. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿತ್ತು. ಅಲ್ಲಿಯ ಬಸವಣ್ಣನವರ ಪರಂಪರೆಯಲ್ಲಿ ಕಾಲಜ್ಞಾನದ ವಚನಗಳು ದೊಡ್ಡ ಭಂಡಾರವಾಗಿ ಬೆಳೆದವು. ಅವನ್ನು ಬರೆದಿಡಲು ಬಳಸಿದ್ದು ಅಮರಗನ್ನಡವೆಂಬ ಗೂಢಲಿಪಿ. ಭಾಷೆ ಕನ್ನಡವೇ, ಅಕ್ಷರದ ವೇಷ ಮಾತ್ರ ಬೇರೆ. ಕನ್ನಡ ಓದಬಲ್ಲವನು ಕೂಡ ಆ ಹೊತ್ತಿಗೆಯ ಮುಂದೆ ಅನಕ್ಷರಸ್ಥನೇ. ಓದಬೇಕಾದರೆ ಬಲ್ಲವರು ಹೇಳಿಕೊಡಬೇಕು. ಇದು ಪರಂಪರೆಯ ಕೀಲಿ. ಕೈಯಿಂದ ಕೈಗೆ ಬರುವುದು. ಅದರ ಬಲ ಎಲ್ಲಿದೆಯೋ ಭಯವೂ ಅಲ್ಲಿಯೇ ಇದೆ. ಒಂದು ತಲೆಮಾರು ಕೈ ಚಾಚದಿದ್ದರೆ ಕೀಲಿ ಕಳೆದಂತೆಯೇ. ಆ ಸಾಹಿತ್ಯದ ಒಂದು ಭಾಗ ಈಗ ಸಾಮಾನ್ಯ ಕನ್ನಡ ಲಿಪಿಯಲ್ಲಿ ಅಚ್ಚಾಗಿರುವುದು ಬಲ್ಲವರು ಸಕಾಲದಲ್ಲಿ ಹೇಳಿಕೊಟ್ಟುದರ ಫಲ.

ಕೀಲಿ ನಿಜವಾಗಿಯೂ ಕಳೆದುಹೋದರೆ ಏನು ಗತಿ? ಅದಕ್ಕೆ ಉತ್ತರ ಶಹಾಪುರದಿಂದ ಭೀಮೆಯನ್ನು ದಾಟಿದರೆ ಸಿಗುವ ಸನ್ನತಿಯಲ್ಲಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿದು, ದೇವಿಯ ವಿಗ್ರಹವನ್ನು ನಿಲ್ಲಿಸಿದ್ದ ಪೀಠದ ಕಲ್ಲು ಹೊರಬಿದ್ದಿತು. ನೋಡಿದರೆ ಆ ಕಲ್ಲಿನ ಎರಡು ಮೈಯಲ್ಲಿಯೂ ಅಕ್ಷರ! ಅದು ಅಶೋಕ ಚಕ್ರವರ್ತಿಯ ಶಾಸನವೆಂದು 1989ರಲ್ಲಿ ಗೊತ್ತಾಯಿತು. ವಿಗ್ರಹವನ್ನು ಕೂರಿಸಲು ನಡುವೆ ಕೊರೆದ ಗುಳಿಯಲ್ಲಿ ಕೆಲವು ಅಕ್ಷರಗಳು ಹೋಗಿದ್ದವು. ಉಳಿದುದನ್ನು ವಿದ್ವಾಂಸರು ಓದಿದರು. ಎರಡು ಸಾವಿರ ವರ್ಷಕ್ಕೆ ಮೀರಿದ ಬ್ರಾಹ್ಮಿಯನ್ನು ಓದುವುದು ಅವರಿಗೆ ಹೇಗೆ ಸಾಧ್ಯವಾಯಿತು?

ಅದಕ್ಕೆ ಒಂದೂವರೆ ಶತಮಾನದ ಹಿಂದೆ, 1837ರಲ್ಲಿ, ಕಲ್ಕತ್ತೆಯ ಟಂಕಸಾಲೆಯಲ್ಲಿ ಕೆಲಸಕ್ಕಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬಾತ ಆ ಒಗಟನ್ನು ಒಡೆದಿದ್ದನು. ಅವನಿಗೆ ಹೇಳಿಕೊಡುವ ಗುರು ಯಾರೂ ಇರಲಿಲ್ಲ. ಸಾಂಚಿಯ ಸ್ತೂಪದ ಕಂಬಗಳ ಮೇಲಿನ ಚಿಕ್ಕ ಚಿಕ್ಕ ಬರಹಗಳ ಪ್ರತಿಗಳನ್ನು ಮುಂದೆ ಹರಡಿಕೊಂಡಾಗ ಒಂದು ಸಂಗತಿ ಅವನ ಕಣ್ಣಿಗೆ ಬಿದ್ದಿತು. ಬರಹಗಳು ಬೇರೆ ಬೇರೆ, ಆದರೆ ಬಹುಪಾಲು ಮುಗಿಯುವುದು ಅದೇ ಎರಡು ಅಕ್ಷರಗಳಿಂದ. ಗುಡಿಯ ಕಂಬದ ಮೇಲೆ ಜನ ಏನನ್ನು ಬರೆಸುತ್ತಾರೆ? ಇಂಥವನು ಕೊಟ್ಟ ದಾನ ಎಂದಲ್ಲವೆ! ಹಾಗಾದರೆ ಆ ಕೊನೆಯ ಪದ 'ದಾನಂ' ಇರಬೇಕು. ದಕಾರ ಸಿಕ್ಕಿತು, ನಕಾರ ಸಿಕ್ಕಿತು. ಅವುಗಳ ಕೈ ಹಿಡಿದು ಉಳಿದ ಅಕ್ಷರಗಳೂ ಒಂದೊಂದಾಗಿ ಬಂದವು. ಮುಂದೆ 'ದೇವರಿಗೆ ಪ್ರಿಯನಾದ' ಈ ರಾಜ ಯಾರೆಂಬ ಇನ್ನೊಂದು ಒಗಟು ಉಳಿಯಿತು. ಅವನು ಅಶೋಕನೆಂಬ ಊಹೆಗೆ ಗಟ್ಟಿ ಆಧಾರ ದೊರೆತುದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಿಂದ. ಅಲ್ಲಿ ಅಶೋಕನೆಂಬ ಹೆಸರೇ ಇತ್ತು.

ಇದು ಎರಡನೆಯ ಬಗೆಯ ಕೀಲಿ. ಎಲ್ಲಿ ಮೊದಲು ಕೈ ಹಾಕಬೇಕೆಂಬುದನ್ನು ಕಂಡುಕೊಳ್ಳುವುದೇ ಇದರ ಮರ್ಮ. ಮತ್ತೆ ಮತ್ತೆ ಬರುವುದು ಯಾವುದು, ಅದು ಏಕೆ ಬರುತ್ತದೆ ಎಂದು ಕೇಳುವುದು. ಹೀಗೆ ಕೇಳಬಲ್ಲವನಿಗೆ ಕಳೆದ ಕೀಲಿಯನ್ನು ತಿರುಗಿ ಮಾಡಿಕೊಳ್ಳುವ ಶಕ್ತಿಯುಂಟು.

ಈಗ ಮಳಖೇಡಕ್ಕೆ ಹೋಗೋಣ. ಯಾದಗಿರಿಯಿಂದ ನೇರ ಉತ್ತರಕ್ಕೆ ಹೋದರೆ ಕಾಗಿಣಾ ನದಿಯ ದಂಡೆಯ ಮೇಲೆ ಈ ಊರಿದೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತ ಪದ್ಯಗಳಲ್ಲಿ ಬರೆದನು. ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರನಾಡಿನವರಿಗೂ ಅದರ ಪರಿಚಯವಾಯಿತು. ಆ ಗ್ರಂಥದಲ್ಲಿ ಲೆಕ್ಕಗಳು ಲೆಕ್ಕಗಳಂತೆ ಬರುವುದಿಲ್ಲ. ಆನೆ, ದುಂಬಿ, ತಾವರೆ, ವ್ಯಾಪಾರಿ ಇವರ ಕಥೆಗಳಾಗಿ ಬರುತ್ತವೆ. ಗುಣಾಕಾರವೂ ಆಭರಣವಾಗುತ್ತದೆ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಆತ ಕಂಠಾಭರಣಕ್ಕೆ ಹೋಲಿಸುತ್ತಾನೆ. 139ನ್ನು 109ರಿಂದ ಗುಣಿಸಿ ನೋಡಿ: 15151. ಇನ್ನೊಂದು ಹಾರ ಇನ್ನೂ ಸೊಗಸು. 1,52,207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು ಬರುತ್ತವೆ.

ಇದು ಮಾಟವಲ್ಲ. ಎಂಟು ಒಂದುಗಳೆಂದರೆ 1111ನ್ನು ಎರಡು ಸಲ ಪಕ್ಕಪಕ್ಕದಲ್ಲಿ ಬರೆದಂತೆ. ಅಂದರೆ 1111ನ್ನು 10001ರಿಂದ ಗುಣಿಸಿದಂತೆ. ಆ 10001 ಎಂಬುದು 73 ಮತ್ತು 137ರ ಗುಣಲಬ್ಧ. 73ನ್ನು ಬದಿಗಿಟ್ಟು 1111ನ್ನು 137ರಿಂದ ಗುಣಿಸಿದರೆ ನಮ್ಮ 1,52,207 ಸಿಕ್ಕಿತು. ಮಣಿಗಳ ಒಳಗಿನ ದಾರವೇ ಇದು.

ಅದೇ ಗ್ರಂಥದ ಇನ್ನೊಂದು ಲೆಕ್ಕವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೂವರು ವ್ಯಾಪಾರಿಗಳು ಹೋಗುತ್ತಿರುವಾಗ ದಾರಿಯಲ್ಲಿ ಹಣದ ಚೀಲವೊಂದು ಕಂಡಿತು. ಮೊದಲನೆಯವನು, 'ಈ ಚೀಲ ನನಗಾದರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುವುದು' ಎಂದನು. ಎರಡನೆಯವನು, 'ನನಗಾದರೆ ನಿಮ್ಮಿಬ್ಬರ ಮೂರರಷ್ಟು' ಎಂದನು. ಮೂರನೆಯವನು, 'ನನಗಾದರೆ ಐದರಷ್ಟು' ಎಂದನು. ಯಾರಲ್ಲಿ ಎಷ್ಟಿತ್ತು, ಚೀಲದಲ್ಲಿ ಎಷ್ಟಿತ್ತು?

ಸಗರನಾಡಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಈ ಲೆಕ್ಕವನ್ನು ಸ್ಪರ್ಧೆಗೆ ಇಟ್ಟಿದ್ದೆ. ಹತ್ತು ನಿಮಿಷದೊಳಗೆ ಉತ್ತರವನ್ನು ಬರೆದುಕೊಡಬೇಕೆಂಬ ನಿಯಮ ಮಾಡಿದವನೂ ನಾನೇ. ಒಬ್ಬ ಹುಡುಗ ಅಂದಾಜಿನ ಮೇಲೆ ಸಂಖ್ಯೆಗಳನ್ನು ಹಾಕಿ ಹಾಕಿ ಸರಿಯಾದುದನ್ನು ಹಿಡಿದನು, ಬಹುಮಾನ ಅವನಿಗಾಯಿತು. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮಳೆ ತಪ್ಪಿದ ವರ್ಷ ತಾಯಿತಂದೆಯರೊಡನೆ ದುಡಿಯಲು ಪಟ್ಟಣಕ್ಕೆ ಹೋಗಿ ನಾಲ್ಕು ತಿಂಗಳ ಪಾಠ ತಪ್ಪಿಸಿಕೊಂಡವಳು. ಅವಳ ಹಾಳೆ ಖಾಲಿಯಾಗಿತ್ತು. 'ಸರ್, ಎಲ್ಲಾರ ರೊಕ್ಕಾ, ಚೀಲದ್ದೂ ಸೈತ, ಒಂದ ಗಂಟ ಕಟ್ಟಿ ನೋಡ್ರಿ. ಆಮ್ಯಾಲ ಪಾಲ ಮಾಡ್ರಿ' ಎಂದಳು.

ಅವಳ ಮಾತಿನ ಹಿಂದೆ ಹೋಗೋಣ. ಎಲ್ಲ ಹಣವೂ ಒಂದೇ ಗಂಟು. ಚೀಲ ಹಿಡಿದ ಮೊದಲನೆಯವನದು ಎರಡು ಪಾಲು, ಉಳಿದಿಬ್ಬರದು ಒಂದು ಪಾಲು. ಆದ್ದರಿಂದ ಆ ಇಬ್ಬರ ಹಣ ಗಂಟಿನ ಮೂರರಲ್ಲಿ ಒಂದು. ಅದೇ ರೀತಿ, ಎರಡನೆಯವನನ್ನು ಬಿಟ್ಟು ಉಳಿದಿಬ್ಬರದು ನಾಲ್ಕರಲ್ಲಿ ಒಂದು. ಮೂರನೆಯವನನ್ನು ಬಿಟ್ಟರೆ ಆರರಲ್ಲಿ ಒಂದು. ಗಂಟು 24 ಎಂದುಕೊಳ್ಳಿ. ಈ ಜೋಡಿಗಳ ಹಣ 8, 6, 4. ಕೂಡಿದರೆ 18. ಇದರಲ್ಲಿ ಪ್ರತಿಯೊಬ್ಬನೂ ಎರಡು ಸಲ ಬಂದಿದ್ದಾನೆ. ಆದ್ದರಿಂದ ಮೂವರದೂ ಸೇರಿ 9, ಚೀಲದಲ್ಲಿ 15. ಆ 9ರಲ್ಲಿ 8 ಕಳೆದರೆ ಮೊದಲನೆಯವನದು 1, 6 ಕಳೆದರೆ ಎರಡನೆಯವನದು 3, 4 ಕಳೆದರೆ ಮೂರನೆಯವನದು 5. ಬೀಜಗಣಿತದ ಒಂದು ಅಕ್ಷರವೂ ಬೇಕಾಗಲಿಲ್ಲ. ಈ ನಾಲ್ಕು ಸಂಖ್ಯೆಗಳನ್ನು ಇಮ್ಮಡಿ ಮುಮ್ಮಡಿ ಮಾಡಿದರೂ ಲೆಕ್ಕ ಕೂಡುವುದೆಂಬುದು ಕೂಡ ಇದರಿಂದಲೇ ತಿಳಿಯುತ್ತದೆ.

ಆ ಹುಡುಗಿ ಗಂಟು ಕಟ್ಟುವಷ್ಟನ್ನೇ ಹೇಳಿದ್ದಳು. ಮುಂದಿನದನ್ನು ನಾವೆಲ್ಲರೂ ಕೂಡಿ ಕರಿಹಲಗೆಯ ಮೇಲೆ ಮಾಡಿದೆವು. ಆದರೆ ಮೊದಲು ಕೈ ಹಾಕಬೇಕಾದ ಜಾಗವನ್ನು ಕಂಡವಳು ಅವಳೇ. ಬಹುಮಾನ ಹಂಚಿ ಆಗಿತ್ತು. ನಿಯಮ ನಿಯಮವೇ ಎಂದು ಸುಮ್ಮನಾದೆ. ಆ ಸುಮ್ಮನಿರುವಿಕೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

2023 ಮತ್ತು 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಗಳಲ್ಲಿ ಯಾದಗಿರಿ ಜಿಲ್ಲೆ ರಾಜ್ಯದ ಪಟ್ಟಿಯಲ್ಲಿ ಕೊನೆಯದಾಗಿತ್ತು. ಅದನ್ನು ಓದಿದವರು ಇಲ್ಲಿಯ ಮಕ್ಕಳಿಗೆ ಬುದ್ಧಿ ಕಡಿಮೆಯೆಂದು ತಿಳಿದಾರು. ಗುಳೆ ಹೋಗುವ ಮನೆಗಳ ಕಷ್ಟವನ್ನು, ತಪ್ಪಿದ ಪಾಠಗಳ ಲೆಕ್ಕವನ್ನು ಆ ಪಟ್ಟಿ ಹೇಳುವುದಿಲ್ಲ. ಒಗಟಿನ ಸ್ಪರ್ಧೆಯಿಂದಲೇ ಇದೆಲ್ಲ ಸರಿಹೋಗುವುದೆಂದು ನಾನು ಹೇಳಲಾರೆ. ಶಾಲೆಗೆ ಶಿಕ್ಷಕರು ಬೇಕು, ಮನೆಗೆ ಕೂಳು ಬೇಕು. ಆದರೆ ಸೂತ್ರವನ್ನು ಮೊದಲು ಬಾಯಿಪಾಠ ಮಾಡಿಸಿ, ಲೆಕ್ಕವನ್ನು ಆಮೇಲೆ ಕೊಡುವ ಪದ್ಧತಿ ಕೊಡೇಕಲ್ಲಿನ ಲಿಪಿಯಂತೆ: ಕೊಟ್ಟ ಕೈ ತಪ್ಪಿದರೆ ಕೀಲಿಯೂ ಇಲ್ಲ. ಪಾಠ ತಪ್ಪಿಸಿಕೊಂಡ ಮಗುವಿಗೆ ಬೇಕಾದುದು ಸನ್ನತಿಯ ಕೀಲಿ, ತಾನೇ ಮಾಡಿಕೊಳ್ಳಬಲ್ಲ ಕೀಲಿ.

ಆದ್ದರಿಂದ ಈ ಸ್ಪರ್ಧೆಗಳನ್ನು ನಡೆಸುವವರಲ್ಲಿ ಎರಡು ವಿನಂತಿ. ಮೊದಲನೆಯದು, ಉತ್ತರಕ್ಕೆ ಅರ್ಧ ಅಂಕವಿಡಿ, ಬಿಡಿಸಿದ ಬಗೆಯನ್ನು ಬಾಯಿಂದ ಹೇಳುವುದಕ್ಕೆ ಇನ್ನರ್ಧವಿಡಿ. ಮನೆಯ ಮಾತಿನಲ್ಲಿ ಹೇಳಿದರೂ ಅಡ್ಡಿಯಿಲ್ಲ. ಎರಡನೆಯದು, ಸವಾಲು ಜವಾಬಿನ ಮೇಳದಂತೆ ಮಕ್ಕಳೇ ಎದುರಾಳಿಗೆ ಒಗಟು ಒಡ್ಡಲಿ. ಬಿಡಿಸುವುದಕ್ಕಿಂತ ಕಟ್ಟುವುದು ಕಷ್ಟ. ಕಟ್ಟಿದವನಿಗೆ ಒಳಗಿನ ದಾರ ಕಾಣುತ್ತದೆ. ಮನೆಯಲ್ಲಿಯೂ ಊಟದ ಮೇಲೆ ಕಾಲು ಗಂಟೆ ಇದಕ್ಕೆಂದು ತೆಗೆದಿಟ್ಟರೆ ಅಜ್ಜಿಯ ಒಡಪಿಗೂ ಮೊಮ್ಮಗಳ ಲೆಕ್ಕಕ್ಕೂ ಒಂದೇ ಚಾಪೆ ಸಾಕು.

ಇನ್ನು ಮೊದಲು ಕೊಟ್ಟ ಮಾತು. ಆ ಒಂಬತ್ತು ಅಕ್ಷರಗಳನ್ನು ನಾನು ಮೂರು ಮೂರಾಗಿ ನಿಲ್ಲಿಸಿ ಹೇಳಿದ್ದನ್ನು ಗಮನಿಸಿದಿರಾ? ಕೀಲಿ ಅಲ್ಲಿಯೇ ಇತ್ತು. ಮೂರು ಮನೆ ಅಡ್ಡ, ಮೂರು ಮನೆ ಉದ್ದ ಒಂದು ಚೌಕ ಹಾಕಿ. ಮೊದಲ ಮೂರನ್ನು ಎಡಗಡೆ ಮೇಲಿನಿಂದ ಕೆಳಕ್ಕೆ ತುಂಬಿ, ಮುಂದಿನ ಮೂರನ್ನು ನಡುವೆ, ಕೊನೆಯ ಮೂರನ್ನು ಬಲಗಡೆ. ಈಗ ಎಡದಿಂದ ಬಲಕ್ಕೆ ಓದಿ: ಕೆರೆಯ ನೀರು ಉಳಿಸಿರಿ.