ನಕಲು ಮಾಡಿ ಕಲಿತದ್ದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪರೀಕ್ಷೆಯಲ್ಲಿ ನಕಲು ಮಾಡಿದರೆ ಹೊರಗೆ ಕಳಿಸುತ್ತಿದ್ದ ಈ ಶಾಲೆಯಲ್ಲೇ, ನಮ್ಮ ಡ್ರಾಯಿಂಗ್ ಮೇಷ್ಟ್ರು ನಕಲು ಮಾಡದಿದ್ದರೆ ಬೈಯುತ್ತಿದ್ದರು. ಅವರ ಹತ್ತಿರ ಹಳೆಯ ಪುಸ್ತಕಗಳಿಂದ ಕತ್ತರಿಸಿದ ಹಾಳೆಗಳ ಒಂದು ಕಟ್ಟಿತ್ತು. ಡಚ್ ಕಲಾವಿದ ರೆಂಬ್ರಾಂಟ್ 1650ರ ಆಸುಪಾಸಿನಲ್ಲಿ ಆಮ್‌ಸ್ಟೆಲ್ ನದಿಯ ದಂಡೆಯಲ್ಲಿ ಬರೆದ ಮಸಿಚಿತ್ರ, ವ್ಯಾನ್ ಗೋ ಬರೆದ ಗದ್ದೆಬಯಲು, ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರ ರೇಖಾಚಿತ್ರ. ಒಂದೊಂದನ್ನೂ ಹತ್ತು ಸಲ ಬರೆಯಬೇಕು. ಕೆಳಗೆ ಒಂದು ಬೆರಳಗಲ ಜಾಗ ಬಿಟ್ಟು ‘ನಕಲು’ ಎಂದು ಬರೆದು, ಮೂಲ ಯಾರದು ಎಂದು ಕಾಣಿಸಬೇಕು. ಇದು ಅವರ ಕಟ್ಟಪ್ಪಣೆ.

ನಾನು ಒಮ್ಮೆ ಆ ಬೆರಳಗಲದ ಪಟ್ಟಿಯನ್ನು ಕತ್ತರಿಸಿ, ಚಿತ್ರವನ್ನು ನನ್ನದೆಂದು ಒಂದು ಸ್ಪರ್ಧೆಗೆ ಕಳಿಸಿದೆ. ಮೊದಲ ಬಹುಮಾನವೂ ಬಂತು, ಒಂದು ಸ್ಟೀಲ್ ಲೋಟ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಷ್ಟ್ರೂ ತಟ್ಟಿದರು. ಸಂಜೆ ನನ್ನನ್ನು ಕರೆದು, ಕಸದ ಬುಟ್ಟಿಯಲ್ಲಿ ಸಿಕ್ಕ ಆ ಪಟ್ಟಿಯನ್ನು ಕೈಗಿಟ್ಟು, “ಇದನ್ನ ಬೀಳಿಸ್ಕೊಂಡಿದ್ದೀಯ ಕಣ್ಲಾ” ಎಂದರು. ಅಷ್ಟೇ. ಈವತ್ತಿನವರೆಗೂ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಕಲಿನಲ್ಲಿ ಕಲಿಯುವುದೇನು? ಪೆನ್ಸಿಲ್ಲಾದರೆ ಅಳಿಸಬಹುದು, ಮಸಿ ಬಿದ್ದರೆ ಬಿದ್ದಂತೆಯೇ. ಅದ್ದಿ ಬರೆಯುವ ನಿಬ್ಬನ್ನು ನಮ್ಮ ಕಡೆಗೆ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಕಾಗದ ಕೀಳುತ್ತದೆ, ಮಸಿ ಚಿಮ್ಮುತ್ತದೆ. ಒತ್ತಿದರೆ ಗೆರೆ ದಪ್ಪ, ಹಗುರ ಹಿಡಿದರೆ ಸಣ್ಣ. ಹತ್ತಿರದ ಮರಕ್ಕೆ ದಪ್ಪ, ದೂರದ ಗುಡ್ಡಕ್ಕೆ ಸಣ್ಣ. ಗೆರೆಯ ಮೇಲೆ ಅಡ್ಡಗೆರೆ ಹಾಕುವ ಮೊದಲು ಕೆಳಗಿನದು ಒಣಗಬೇಕು. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಅರ್ಧ ನಿಮಿಷ. ಕೈಗೆ ಬರಲು ನನಗೆ ಎರಡು ವರ್ಷ ಬೇಕಾಯಿತು.

ಗಗನಚುಕ್ಕಿಯನ್ನು ಬರೆಯಲು ಹೋದಾಗ ಸೋತೆ. ಮಳೆಗಾಲದ ನೀರು, ಕಿವಿ ಗಡಚಿಕ್ಕುವ ಸದ್ದು. ಬೀಳುವ ನೀರಿಗೆಲ್ಲ ಗೆರೆ ಎಳೆದೆಳೆದು ಹಾಳೆ ಕಪ್ಪಾಯಿತು. ಮೇಷ್ಟ್ರು ನೋಡಿ, “ನೀರಿಗ್ಯಾಕ್ಲಾ ಮಸಿ ಬಳ್ದೆ? ಬಂಡೆ ಬರಿ, ನೀರು ತಾನಾಗೇ ಇಳೀತದೆ” ಎಂದರು. ಮನೆಗೆ ಬಂದು ರೆಂಬ್ರಾಂಟನ ಹಾಳೆ ತೆಗೆದೆ. ಹತ್ತು ಸಲ ನಕಲು ಮಾಡಿದ್ದರೂ ಕಂಡಿರಲಿಲ್ಲ: ಅವನ ನದಿಯಲ್ಲಿ ನಾಲ್ಕಾರು ಗೆರೆ ಬಿಟ್ಟರೆ ಉಳಿದದ್ದೆಲ್ಲ ಬರಿಯ ಕಾಗದ! ಆಮೇಲೆ ಬೇಸಿಗೆಯಲ್ಲಿ, ನೀರೆಲ್ಲ ಬ್ಲಫ್‌ನ ವಿದ್ಯುದಾಗಾರಕ್ಕೆ ಹೋಗಿ ಬಂಡೆ ಬರಿದಾಗಿದ್ದಾಗ, ಅದರ ಬಿರುಕುಗಳನ್ನು ಬರೆದು ಅಭ್ಯಾಸ ಮಾಡಿದೆ. 1902ರಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ಆ ವಿದ್ಯುದಾಗಾರ ನನಗೂ ಒಂದು ಉಪಕಾರ ಮಾಡಿತು ಅನ್ನಿ.

ಬಹಳ ತಡವಾಗಿ ತಿಳಿದ ಇನ್ನೊಂದು ಸಂಗತಿ. ಆ ರೆಂಬ್ರಾಂಟನೇ, ಐವತ್ತರ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ನಮ್ಮ ದೇಶದ ಮೊಗಲ್ ಚಿತ್ರಗಳನ್ನು ಕೂತು ನಕಲು ಮಾಡಿದ್ದ. ಅಂಥ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಉಳಿದಿವೆ. ವ್ಯಾನ್ ಗೋ ಕೂಡ ಚಿತ್ರಕಲೆಗೆ ಕೈಹಾಕಿದ ಹೊಸತರಲ್ಲಿ ಮಿಲೆಯ ರೈತರನ್ನು ಮತ್ತೆ ಮತ್ತೆ ನಕಲು ಮಾಡಿದವನು. ಇದನ್ನು ಮೇಷ್ಟ್ರಿಗೆ ಹೇಳಬೇಕೆನಿಸಿತ್ತು. ಅಷ್ಟರಲ್ಲಿ ಅವರಿರಲಿಲ್ಲ.

2018ರ ಪ್ರವಾಹದಲ್ಲಿ ನಮ್ಮ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋದದ್ದು ನಿಮಗೆಲ್ಲ ಗೊತ್ತು. ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಆ ಸೇತುವೆಯ ಕಲ್ಲುಕಂಬಗಳನ್ನು ನಾನು ಅದಕ್ಕೆ ಎಷ್ಟೋ ವರ್ಷ ಮೊದಲು ದಡದಲ್ಲಿ ಕೂತು ಒಂದೊಂದಾಗಿ ಬರೆದಿದ್ದೆ. ಕೆಲವು ಕಂಬ ವಾಲಿವೆ. ಅದು ಸೇತುವೆಯ ತಪ್ಪಲ್ಲ, ನನ್ನದು. ಆ ಚಿತ್ರವನ್ನು ಇಂದು ಶಾಲೆಗೆ ಕೊಡುತ್ತಿದ್ದೇನೆ. ಮೇಷ್ಟ್ರ ಹಾಳೆಗಳ ಕಟ್ಟು ಅವರ ಮನೆಯವರ ಕೃಪೆಯಿಂದ ನನ್ನ ಬಳಿ ಇತ್ತು, ಅದನ್ನೂ ತಂದಿದ್ದೇನೆ. ಒಂದು ಡಜನ್ ನಿಬ್ಬು, ನಾಲ್ಕು ಬಾಟಲಿ ಮಸಿ ಆಫೀಸಿನಲ್ಲಿಟ್ಟಿದ್ದೇನೆ. ಮಕ್ಕಳೇ, ಬರೆದಾದ ಮೇಲೆ ನಿಬ್ಬು ತೊಳೆದು ಒರೆಸಿ, ಬಾಟಲಿಗೆ ಮುಚ್ಚಳ ಹಾಕಿ. ಕೆಳಗೆ ಬೆರಳಗಲ ಜಾಗ ಬಿಡಿ.