ಸಾಬೂನು ಕೆಡುವುದು ಕೈಗುಣದಿಂದಲ್ಲ

(ಉಪನ್ಯಾಸದ ಲಿಖಿತ ರೂಪ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡುವುದು ವಾಡಿಕೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ದುಂಡಗೆ ಉಳಿದದ್ದು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಸುಲಿಯುವಾಗ ಒಡೆದದ್ದು, ಬೂಷ್ಟು ಹಿಡಿದದ್ದು ಮನೆಯಲ್ಲಿ ಉಳಿಯುತ್ತದೆ. ಈ ಉಳಿಕೆಯ ಎಣ್ಣೆಯಿಂದ ಸಾಬೂನು ಮಾಡಿಕೊಳ್ಳುವುದು ತೆಂಗಿನ ಸೀಮೆಗೂ ನಮ್ಮ ಮಲೆನಾಡಿನ ತೋಟದ ಮನೆಗಳಿಗೂ ಹೊಂದುವ ಕೆಲಸ. ಆದರೆ ಮೂರು ಸಲ ಮಾಡಿದರೆ ಒಂದು ಸಲ ಒಡೆಯಿತು, ಎಣ್ಣೆ ಮೇಲೆ ತೇಲಿತು, ಮೈ ಉರಿಯಿತು ಎಂಬ ದೂರುಗಳು ಇದ್ದದ್ದೇ. ಅಂಥ ಸಂದರ್ಭದಲ್ಲಿ ಹಿರಿಯರು 'ಕೈಗುಣ' ಎಂದುಬಿಡುತ್ತಾರೆ. ಉಪ್ಪಿನಕಾಯಿಯ ವಿಷಯದಲ್ಲಿ ಆ ಮಾತು ಇರಲಿ, ಸಾಬೂನಿನ ವಿಷಯದಲ್ಲಿ ಒಪ್ಪತಕ್ಕದ್ದಲ್ಲ. ಇಲ್ಲಿನ ಹೆಚ್ಚಿನ ದೋಷಗಳು ಹುಟ್ಟುವುದು ತಕ್ಕಡಿಯಲ್ಲಿ.

ನಷ್ಟವೂ ಸಣ್ಣದಲ್ಲ. ಒಂದು ಕಿಲೋ ಎಣ್ಣೆಗೆ ಒಂದೂವರೆ ಕಿಲೋ ಮೀರಿ ಕೊಬ್ಬರಿ ಬೇಕು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 12,100 ರೂಪಾಯಿ. ಅದೇ ವರ್ಷ ತಿಪಟೂರಿನ ಪೇಟೆ ಧಾರಣೆ ಅದರ ಎರಡು ಪಟ್ಟನ್ನೂ ದಾಟಿತ್ತು. ಉಳಿಕೆಯ ಕೊಬ್ಬರಿ ಅಷ್ಟು ಬೆಲೆ ಬಾಳದಿರಬಹುದು, ಆದರೂ ಚೆಲ್ಲುವ ವಸ್ತುವಲ್ಲ.

ಸಾಬೂನೆಂದರೆ ಎಣ್ಣೆಯ ಕೊಬ್ಬಿನಾಮ್ಲ ಮತ್ತು ಕ್ಷಾರ ಇವೆರಡರ ಕೂಡಿಕೆ. ಪ್ರತಿ ಎಣ್ಣೆಗೂ ಬೇಕಾದ ಕ್ಷಾರದ ಪ್ರಮಾಣ ಬೇರೆ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿಯಾಗಿ ಸಾಬೂನಾಗಲು ಸುಮಾರು 183 ಗ್ರಾಂ ಶುದ್ಧ ಕಾಸ್ಟಿಕ್ ಸೋಡಾ ಬೇಕು. ಅದೇ ತೂಕದ ಹೊಂಗೆ ಎಣ್ಣೆಗೆ ಸುಮಾರು 132 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಆಮ್ಲಗಳು ಚಿಕ್ಕ ಸರಪಣಿಯವು, ಒಂದೇ ತೂಕದಲ್ಲಿ ಅವುಗಳ ಸಂಖ್ಯೆ ಹೆಚ್ಚು. ಆದ್ದರಿಂದಲೇ ಈ ವ್ಯತ್ಯಾಸ. ಕ್ಷಾರಕ್ಕೆ ಸಿಗದೆ ಸ್ವಲ್ಪ ಎಣ್ಣೆ ಉಳಿಯಲೆಂದು ನೂರಕ್ಕೆ ಐದರಷ್ಟು ಸೋಡಾ ಕಡಿಮೆ ಹಾಕುವುದು ರೂಢಿ. ಆಗ ಕೊಬ್ಬರಿ ಎಣ್ಣೆಯ ಲೆಕ್ಕ 174 ಗ್ರಾಮಿಗೆ ಇಳಿಯುತ್ತದೆ.

ಈಗ ಮೈ ಉರಿಸುವ ಸಾಬೂನಿನ ಕಾರಣವನ್ನು ಹುಡುಕೋಣ. ಅತ್ಯಂತ ಸಾಮಾನ್ಯವಾದ ತಪ್ಪು, ಎಣ್ಣೆಯನ್ನು ಲೀಟರಿನಲ್ಲಿ ಅಳೆದು ಸೋಡಾವನ್ನು ಗ್ರಾಮಿನಲ್ಲಿ ತೂಗುವುದು. ಒಂದು ಲೀಟರ್ ಕೊಬ್ಬರಿ ಎಣ್ಣೆ ತೂಗುವುದು ಸುಮಾರು 918 ಗ್ರಾಂ ಮಾತ್ರ. ಅಷ್ಟು ಎಣ್ಣೆ ತಿನ್ನಬಲ್ಲ ಸೋಡಾ 168 ಗ್ರಾಂ. ಹಾಕಿದ್ದು 174. ರಕ್ಷಣೆಗೆಂದು ಬಿಟ್ಟ ಎಣ್ಣೆ ಮುಗಿದುಹೋಗಿ, ಆರು ಗ್ರಾಂ ಸೋಡಾ ಬಿಲ್ಲೆಗಳಲ್ಲಿ ಹಾಗೆಯೇ ಉಳಿಯಿತು. ಎರಡನೆಯ ತಪ್ಪು ಇದಕ್ಕಿಂತ ಘೋರವಾದುದು. ಕೊಬ್ಬರಿ ಎಣ್ಣೆ ಸಾಲದೆಂದು ಹೊಂಗೆ ಎಣ್ಣೆ ಸೇರಿಸಿ, ಸೋಡಾವನ್ನು ಮಾತ್ರ ಹಳೆಯ ಲೆಕ್ಕದಲ್ಲೇ ಹಾಕುವುದು. 700 ಗ್ರಾಂ ಕೊಬ್ಬರಿ ಎಣ್ಣೆ, 300 ಗ್ರಾಂ ಹೊಂಗೆ ಎಣ್ಣೆಯ ಮಿಶ್ರಣಕ್ಕೆ ಐದರ ಕಡಿತ ಸೇರಿ 159 ಗ್ರಾಂ ಸಾಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡುವುದು ಒಳ್ಳೆಯದು.

ಲೆಕ್ಕ ಸರಿಯಿದ್ದೂ ಕೊಬ್ಬರಿ ಎಣ್ಣೆಯದೊಂದೇ ಸಾಬೂನು ಚರ್ಮವನ್ನು ಒಣಗಿಸುತ್ತದೆ. ಇದು ದೋಷವಲ್ಲ, ಅದರ ಸ್ವಭಾವ. ಜಿಡ್ಡನ್ನು ಅದು ಬಲು ಚೆನ್ನಾಗಿ ತೆಗೆಯುತ್ತದೆ. ಬಟ್ಟೆಗೆ ಅದೇ ಬೇಕು. ಮೈಗಾದರೆ ನೂರಕ್ಕೆ ಇಪ್ಪತ್ತರಷ್ಟು ಸೋಡಾ ಕಡಿತಗೊಳಿಸಿ, ಕಿಲೋ ಎಣ್ಣೆಗೆ 146 ಗ್ರಾಂ ಹಾಕಿದರೆ ಮೃದುವಾದ ಸಾಬೂನು ಸಿಗುತ್ತದೆ.

ಇನ್ನು ಇದರ ತದ್ವಿರುದ್ಧ ದೂರು: ಸಾಬೂನು ಗಟ್ಟಿಯಾಗಲಿಲ್ಲ, ಮೇಲೆ ಎಣ್ಣೆ ನಿಂತಿತು. ಮೊದಲು ನೋಡಬೇಕಾದದ್ದು ಸೋಡಾದ ಡಬ್ಬಿ. ಮುಚ್ಚಳ ಸಡಿಲವಾದರೆ ಕಾಸ್ಟಿಕ್ ಸೋಡಾ ಗಾಳಿಯ ತೇವವನ್ನು ಹೀರಿ ನೀರೊಡೆಯುತ್ತದೆ, ಇಂಗಾಲಾಮ್ಲವನ್ನು ಹೀರಿ ಒಗೆಯುವ ಸೋಡಾ ಆಗಿಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಇದಕ್ಕೆ ಹೆಚ್ಚು ದಿನ ಬೇಡ. ಹಳೆಯ ಸೋಡಾ ನೂರು ಗ್ರಾಂ ತೂಗಿದರೂ ನೂರು ಗ್ರಾಮಿನ ಕೆಲಸ ಮಾಡದು.

ಎರಡನೆಯ ಕಾರಣ ಚಳಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಬೆಳಗಿನಲ್ಲಿ ತಣ್ಣನೆಯ ಎಣ್ಣೆಗೆ ತಣ್ಣನೆಯ ಕ್ಷಾರ ಹಾಕಿ ಕದಡಿದರೆ ಮಿಶ್ರಣ ಬೇಗನೆ ಮಂದವಾಗುತ್ತದೆ. ಸಾಬೂನು ಕೂಡಿತೆಂದು ನೋಡುವವರು ಮೋಸಹೋಗುತ್ತಾರೆ. ವಾಸ್ತವವಾಗಿ ಅದು ಹೆಪ್ಪುಗಟ್ಟಿದ ಎಣ್ಣೆ. ಅಚ್ಚಿನಲ್ಲಿ ಬಿಸಿಯೇರಿದಾಗ ಕರಗಿ ಬೇರ್ಪಡುತ್ತದೆ. ಎಣ್ಣೆಯೂ ಕ್ಷಾರವೂ 40 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಬೆರೆಸಿದರೆ ಈ ಭ್ರಮೆಗೆ ಅವಕಾಶವಿಲ್ಲ. ಬೇರ್ಪಟ್ಟದ್ದನ್ನು ಎಸೆಯಬೇಕಾಗಿಲ್ಲ. ಕೈಗವಸು ಧರಿಸಿ, ಮೇಲೆ ನಿಂತ ದ್ರವವನ್ನು ಒಂದು ತೊಟ್ಟೂ ಚೆಲ್ಲದೆ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ ಕದಡಿದರೆ ಕೂಡಿಕೊಳ್ಳುತ್ತದೆ.

ಕೆಟ್ಟ ಕೊಬ್ಬರಿಯ ಎಣ್ಣೆ ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಬೂಷ್ಟು ಹಿಡಿದ ಕೊಬ್ಬರಿಯಲ್ಲಿ ಎಣ್ಣೆ ಆಗಲೇ ಒಡೆದು ಬಿಡಿ ಆಮ್ಲವಾಗಿರುತ್ತದೆ. ಕ್ಷಾರ ತಾಗಿದೊಡನೆ ಆ ಆಮ್ಲ ಕ್ಷಣಮಾತ್ರದಲ್ಲಿ ಸಾಬೂನಾಗಿ, ಪಾತ್ರೆಯಲ್ಲೇ ಉಪ್ಪಿಟ್ಟಿನಂತೆ ಮುದ್ದೆ ಮುದ್ದೆಯಾಗುತ್ತದೆ. ಇಂಥ ಎಣ್ಣೆಯನ್ನು ಕಾಯಿಸಿ ತೇವ ಕಳೆದು, ಬಟ್ಟೆಯಲ್ಲಿ ಸೋಸಿ, ಒಳ್ಳೆಯ ಎಣ್ಣೆಯೊಡನೆ ಬೆರೆಸಿ ಬಳಸಬೇಕು. ವಾಸನೆ ಮಾತ್ರ ಪೂರ್ತಿ ಹೋಗದು. ಅದಕ್ಕೆ ಸುಗಂಧ ಸುರಿಯುವುದಕ್ಕಿಂತ ಬಟ್ಟೆ ಸಾಬೂನು ಮಾಡಿಕೊಳ್ಳುವುದು ಜಾಣತನ.

ಒಡೆಯುವ ಸಾಬೂನಿನ ಮಾತು ಸರಳ. ಕೊಬ್ಬರಿ ಎಣ್ಣೆಯ ಸಾಬೂನು ಅಚ್ಚಿನಲ್ಲಿ ಬಹಳ ಬಿಸಿಯಾಗುತ್ತದೆ, ಬಹಳ ಬೇಗ ಗಟ್ಟಿಯಾಗುತ್ತದೆ. ಕಂಬಳಿ ಹೊದಿಸಿದರೆ ನಡುವೆ ಉಬ್ಬಿ ಬಿರಿಯುವುದುಂಟು. ಮರುದಿನ ಕತ್ತರಿಸೋಣವೆಂದು ಬಿಟ್ಟರೆ ಚಾಕುವಿಗೆ ಪುಡಿಪುಡಿಯಾಗುತ್ತದೆ. ಬೆರಳಿಗೆ ಗಟ್ಟಿಯೆನಿಸಿ, ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ, ಕೈಗವಸು ಹಾಕಿಕೊಂಡು ಕತ್ತರಿಸಬೇಕು.

ಬಿಲ್ಲೆಯ ಮೇಲ್ಮೈಯಲ್ಲಿ ಬಿಳಿಯ ಪುಡಿ ಕಂಡರೆ ಗಾಬರಿ ಬೇಡ. ಗಾಳಿ ತಾಗಿ ಆದ ಸೋಡಾ ಪುಡಿ ಅದು, ಹೆರೆದು ತೆಗೆದರಾಯಿತು. ಒಳಗೆ ಬಿಳಿಯ ಗಂಟುಗಳೋ ನೀರಿನ ಗುಳಿಗಳೋ ಇದ್ದರೆ ಮಾತ್ರ ಅದನ್ನು ಯಾರ ಕೈಗೂ ಕೊಡಬಾರದು. ಅದು ಕರಗದ ಅಥವಾ ಕೂಡದ ಕಾಸ್ಟಿಕ್. ಪರೀಕ್ಷೆಗೆ ಅರಿಶಿನ ಹಚ್ಚಿ, ಕೆಂಪಾದರೆ ಸಾಬೂನು ಕೆಟ್ಟದ್ದು ಎನ್ನುವವರಿದ್ದಾರೆ. ಒಳ್ಳೆಯ ಸಾಬೂನೂ ಕ್ಷಾರೀಯವೇ; ಅರಿಶಿನ ಅದಕ್ಕೂ ಕೆಂಪಾಗುತ್ತದೆ. ಶಾಲೆಯ ಪ್ರಯೋಗಾಲಯದ ಪಿಎಚ್ ಕಾಗದ ಇದಕ್ಕಿಂತ ಮೇಲು: ಸಾಬೂನಿನ ನೊರೆಯಲ್ಲಿ ಒಂಬತ್ತು, ಹತ್ತು ತೋರುವುದು ಸಹಜ, ಹನ್ನೊಂದನ್ನು ದಾಟಿದರೆ ಬಳಸಲಾಗದು.

ಕಾಸ್ಟಿಕ್ಕಿನ ಬದಲು ಬೂದಿನೀರು ಸಾಲದೇ ಎಂಬ ಪ್ರಶ್ನೆ ಪರಿಸರಾಸಕ್ತರಿಂದ ಬಂದೇ ಬರುತ್ತದೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಹೇರಳವಾಗಿದೆ. ಸುಣ್ಣ ಸೇರಿಸಿ ತಿಳಿ ಬಸಿದರೆ ತೀಕ್ಷ್ಣವಾದ ಕ್ಷಾರವೇ ಸಿಗುತ್ತದೆ. ಆದರೆ ಪೊಟ್ಯಾಷಿನಿಂದಾಗುವ ಸಾಬೂನು ಲೋಳೆಯಂತೆ ಮೆತ್ತಗಿರುತ್ತದೆ, ಎಷ್ಟು ದಿನ ಒಣಗಿಸಿದರೂ ಬಿಲ್ಲೆಯಾಗದು. ಉಪ್ಪು ಹಾಕಿ ಗಟ್ಟಿ ಸಾಬೂನನ್ನು ಬೇರ್ಪಡಿಸುವ ಹಳೆಯ ಉಪಾಯವೂ ಇಲ್ಲಿ ಸುಲಭವಾಗಿ ಫಲಿಸುವುದಿಲ್ಲ. ಕೊಬ್ಬರಿ ಎಣ್ಣೆಯ ಸಾಬೂನು ಉಪ್ಪುನೀರಿನಲ್ಲೂ ಕರಗುತ್ತದೆ. ನಾವಿಕರು ಸಮುದ್ರದ ನೀರಿನಲ್ಲಿ ಬಳಸುತ್ತಿದ್ದ ಸಾಬೂನು ಈ ಎಣ್ಣೆಯದೇ ಆಗಿದ್ದುದು ಇದಕ್ಕಾಗಿ. ಬೂದಿನೀರಿನ ಬಲವೂ ಒಲೆಯಿಂದ ಒಲೆಗೆ ಬೇರೆ. ಪಾತ್ರೆ ಬೆಳಗಲು ಆ ಲೋಳೆ ಸೊಗಸಾದುದೇ, ಮೈಗೆ ಬೇಡ.

ನೀರಿನ ವಿಷಯ ಬಯಲಿಗೂ ಗುಡ್ಡಕ್ಕೂ ಬೇರೆ. ತೆಂಗಿನ ಸೀಮೆಯ ಕೊಳವೆಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಅದರ ಸುಣ್ಣದ ಅಂಶ ಸಾಬೂನನ್ನು ಹಿಡಿದು ಬಿಳಿಯ ಕೆನೆಯಾಗಿಸುತ್ತದೆ. ಅಲ್ಲಿಯವರು ಸೋಡಾ ಕರಗಿಸಲು ಸೂರಿನಿಂದ ಹಿಡಿದ ಮಳೆನೀರನ್ನು ಸೋಸಿ ಬಳಸುವುದು ಉತ್ತಮ. ಹಳ್ಳದ ಮೆದು ನೀರಿರುವ ಮಲೆನಾಡಿಗೆ ಆ ತೊಂದರೆ ಕಡಿಮೆ. ಇಲ್ಲಿನ ತೊಂದರೆ ಒಣಗಿಸುವುದು. ಬಿಲ್ಲೆಗಳಿಗೆ ನಾಲ್ಕರಿಂದ ಆರು ವಾರ ಗಾಳಿ ಬೇಕು. ಸಾಬೂನಿನೊಳಗಿನ ಗ್ಲಿಸರಿನ್ ತೇವವನ್ನು ಎಳೆಯುವುದರಿಂದ ಆಷಾಢದಲ್ಲಿ ಬಿಲ್ಲೆ ಬೆವರುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಇನ್ನೂ ಕೆಡುತ್ತದೆ. ಬೇಸಿಗೆಯಲ್ಲೇ ಮಾಡಿ ಮುಗಿಸುವುದು ಲೇಸು.

ಅಪಾಯದ ಮಾತನ್ನು ಬಿಡುವಂತಿಲ್ಲ. ಕಾಸ್ಟಿಕ್ ಸೋಡಾವನ್ನು ಅದರ ಎರಡು ಪಟ್ಟು ತೂಕದ ತಣ್ಣೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಎರಚುತ್ತದೆ. ಸ್ಟೀಲ್ ಪಾತ್ರೆಯಾಗಬಹುದು, ಅಲ್ಯೂಮಿನಿಯಂ ಸರ್ವಥಾ ಕೂಡದು, ಪಾತ್ರೆ ಕರಗಿ ಹೊತ್ತಿಕೊಳ್ಳುವ ಅನಿಲ ಏಳುತ್ತದೆ. ಕನ್ನಡಕ, ಕೈಗವಸು ಇರಲೇಬೇಕು. ತಣಿದ ಕ್ಷಾರ ನೋಡಲು ನೀರಿನಂತೆಯೇ ಇರುತ್ತದೆ; ಮಕ್ಕಳಿರುವ ಮನೆಯಲ್ಲಿ ಅದನ್ನು ಚೊಂಬಿನಲ್ಲೋ ನೀರಿನ ಬಾಟಲಿಯಲ್ಲೋ ಇಡಬಾರದು. ಮೈಗೆ ಸಿಡಿದರೆ ನಿಂಬೆರಸ ಹುಡುಕುತ್ತಾ ಕೂರದೆ ಕಾಲು ಗಂಟೆಗೂ ಮಿಕ್ಕು ಹರಿಯುವ ನೀರಿನಲ್ಲಿ ತೊಳೆಯಬೇಕು. ಕಣ್ಣಿಗಾದರೆ ಇನ್ನೂ ಹೆಚ್ಚು ಹೊತ್ತು ತೊಳೆದು ಒಡನೆಯೇ ಆಸ್ಪತ್ರೆಗೆ ಹೋಗಬೇಕು. ನುಂಗಿದವರಿಗೆ ವಾಂತಿ ಮಾಡಿಸಬಾರದು.

ಕೆಟ್ಟ ಸಾಬೂನನ್ನು ಏನು ಮಾಡುವುದು? ತೂಕಗಳನ್ನು ಬರೆದಿಟ್ಟಿದ್ದರೆ ಸರಿಪಡಿಸಬಹುದು. ಮೇಲಿನ ಲೀಟರಿನ ಉದಾಹರಣೆಯಲ್ಲಿ ಸಾಬೂನನ್ನು ತುರಿದು, ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಕೊರತೆಯಾದ 82 ಗ್ರಾಂ ಎಣ್ಣೆ ಬೆರೆಸಿದರೆ ಲೆಕ್ಕ ಮತ್ತೆ ಕೂಡುತ್ತದೆ. ಬರೆದಿಡದಿದ್ದರೆ ಊಹೆಯಿಂದ ಎಣ್ಣೆ ಸುರಿಯುವುದು ವ್ಯರ್ಥ. ಬಚ್ಚಲ ನೆಲ ತೊಳೆಯಲು, ಅದೂ ಕೈಗವಸಿನಿಂದ, ಅದು ಉಪಯೋಗಕ್ಕೆ ಬಂದೀತು. ಹಳ್ಳಕ್ಕೆ ಮಾತ್ರ ಎಸೆಯಕೂಡದು. ಮನೆಯಲ್ಲೇ ಮಾಡಿದ್ದೆಂಬ ಕಾರಣಕ್ಕೆ ಸಾಬೂನು ಮೀನಿಗೆ ನಿರುಪದ್ರವಿಯಲ್ಲ, ಉಳಿದ ಕ್ಷಾರವಂತೂ ಅಲ್ಲವೇ ಅಲ್ಲ. ಒಳ್ಳೆಯ ಸಾಬೂನಿನ ಬಚ್ಚಲ ನೀರನ್ನು ಕೂಡ ಹರಿವಿಗೆ ಬಿಡದೆ, ಬಾಳೆಯ ಬುಡದ ಮಣ್ಣಿಗೆ ದಿನಕ್ಕೊಂದು ಕಡೆಯಂತೆ ತಿರುಗಿಸಿದರೆ ಸಾಕು.